ಮಷಿನ್ ಹಚ್ಚುವವರೆಲ್ಲ ಫಿಸಿಯೋಥೆರಪಿಸ್ಟ್ ಅಲ್ಲ

ಕಳೆದ ಚಳಿಗಾಲದಲ್ಲಿ ಮಾನ್ವಿ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ಖಾಲಾ ತಮ್ಮ ಯಜಮಾನರನ್ನು ಕರೆದುಕೊಂಡು ರಾಯಚೂರಿನ ನನ್ನ ದವಾಖಾನೆಗೆ ಬಂದರು. ಯಜಮಾನರಿಗೆ ಅರವತ್ತರ ಆಸುಪಾಸು. ಎರಡು ತಿಂಗಳ ಹಿಂದೆ ಫಾಲಿಜ್ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ದೊಡ್ಡಾಸ್ಪತ್ರೆಯಲ್ಲಿ ಜೀವ ಉಳಿಯಿತು. ಮನೆಗೆ ಮರಳಿದ ಮೇಲೆ ಮುಂದೇನು ಎಂದು ನನ್ನನ್ನು ಕೇಳಿದ್ದರು. ಫಿಸಿಯೋಥೆರಪಿ ಮಾಡಿಸಿ ಎಂದು ಹೇಳಿ ಕಳುಹಿಸಿದ್ದೆ.

ಈಗ ಅಂಗಿ ಬಿಚ್ಚಿ ನೋಡಿದರೆ ಬಲ ಭುಜದ ಮೇಲೆ ಅಂಗೈಯಗಲದ ಸುಟ್ಟ ಗಾಯ. ಗುಳ್ಳೆ ಒಡೆದು ಕೀವು ತುಂಬಿತ್ತು.

"ಮಷಿನ್ ಹಚ್ಚಿ ಆದ ಮ್ಯಾಲೆ ಬಿಸಿ ಪ್ಯಾಕ್ ಇಟ್ರು ರೀ. ಇವರಿಗೆ ಬಿಸಿ ಆಗಿದ್ದೇ ಗೊತ್ತಾಗಲಿಲ್ಲ. ಕೈ ಹಿಡಿದು ದಿನಾ ಮ್ಯಾಲಕ್ಕ ಜಗ್ಗತಿದ್ರು. ಈಗ ರಾತ್ರಿ ಎಲ್ಲಾ ಭುಜ ನೋವು ಅಂತ ಒದ್ದಾಡ್ತಾರ" ಎಂದರು ಖಾಲಾ.

"ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. "ನೀವೇ ಹೇಳಿದ್ರಲ್ರೀ ಡಾಕ್ಟರ್ ಸಾಬ್, ಅಲ್ಲಿಗೇ ಹೋಗ್ರಿ ಅಂತ."

ಹೌದು, ನಾನೇ ಹೇಳಿದ್ದೆ. ಆ ಕೇಂದ್ರದ ಬೋರ್ಡನ್ನು ಹೋಗುತ್ತಾ ಬರುತ್ತಾ ನೋಡಿದ್ದೆ. ಹೆಸರಿನ ಹಿಂದೆ 'ಡಾ.' ಇತ್ತು, ಒಳಗೆ ನಾಲ್ಕಾರು ಯಂತ್ರಗಳಿದ್ದವು. ಅದನ್ನು ನಡೆಸುವವರು ಎಲ್ಲಿ ಓದಿದ್ದಾರೆ, ಯಾವ ಪರಿಷತ್ತಿನಲ್ಲಿ ನೋಂದಣಿ ಆಗಿದ್ದಾರೆ ಎಂದು ಒಂದು ದಿನವೂ ವಿಚಾರಿಸಿರಲಿಲ್ಲ. ಆ ಸಂಜೆಯೇ ವಿಚಾರಿಸಿದೆ. ಅವರು ಯಾವುದೋ ಮೂಳೆ ಆಸ್ಪತ್ರೆಯಲ್ಲಿ ಕೆಲವು ವರ್ಷ ಸಹಾಯಕನಾಗಿದ್ದವರು. ಅಲ್ಲಿ ಕಣ್ಣಿಂದ ನೋಡಿ ಕಲಿತದ್ದು, ಮೇಲೆ ಕೆಲವೇ ತಿಂಗಳ ಒಂದು ಸರ್ಟಿಫಿಕೇಟು. ಪದವಿ ಇರಲಿಲ್ಲ.

ಲಕ್ವಾ, ಫಾಲಿಜ್ ಆದ ದೇಹದ ಭಾಗದಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು. ಸಕ್ಕರೆ ಕಾಯಿಲೆಯವರ ಪಾದದಲ್ಲೂ ಹಾಗೆಯೇ. ಬಿಸಿ ಇಡುವ ಮುಂಚೆ ಆ ಜಾಗದಲ್ಲಿ ಬಿಸಿ, ತಣ್ಣಗೆ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಶಕ್ತಿ ಕಳೆದುಕೊಂಡ ಕೈಯನ್ನು ಹಿಡಿದು ಜಗ್ಗಿದರೆ ಭುಜದ ಕೀಲು ಸಡಿಲವಾಗಿ ಜಾರುತ್ತದೆ. ಫಿಸಿಯೋಥೆರಪಿ ಓದುವ ವಿದ್ಯಾರ್ಥಿ ಇವೆರಡನ್ನೂ ಪಾಠವಾಗಿಯೇ ಕಲಿಯುತ್ತಾನೆ. ಯಂತ್ರದ ಗುಂಡಿ ಒತ್ತುವುದನ್ನಷ್ಟೇ ನೋಡಿ ಕಲಿತವನಿಗೆ ಇದು ತಿಳಿಯುವುದಿಲ್ಲ. ಈ ಘಟನೆಯಲ್ಲಿ ನನ್ನ ಪಾಲೂ ಇದೆ. ಅದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಇಲಾಜ್ ಬಿತ್ತದ್‌ಬೀರ್ ಮತ್ತು ಫಿಸಿಯೋಥೆರಪಿ

ಯುನಾನಿಯಲ್ಲಿ ಚಿಕಿತ್ಸೆಗೆ ಹಲವು ದಾರಿಗಳಿವೆ. ಆಹಾರದಿಂದ ಮಾಡುವುದು ಒಂದು, ಔಷಧಿಯಿಂದ ಮಾಡುವುದು ಒಂದು, ಶಸ್ತ್ರದಿಂದ ಮಾಡುವುದು ಒಂದು. ಇನ್ನೊಂದು ಇಲಾಜ್ ಬಿತ್ತದ್‌ಬೀರ್. ದಲ್ಕ್ ಎಂದರೆ ಮಾಲೀಸು, ರಿಯಾಜತ್ ಎಂದರೆ ವ್ಯಾಯಾಮ, ಹಮ್ಮಾಮ್ ಎಂದರೆ ಸ್ನಾನ ಚಿಕಿತ್ಸೆ, ಜೊತೆಗೆ ಹಿಜಾಮ. ಇವೆಲ್ಲ ಅದರಲ್ಲೇ ಬರುತ್ತವೆ. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ವ್ಯಾಯಾಮದ ಬಗೆಗಳನ್ನು, ಅದರ ಹಿತಮಿತಿಗಳನ್ನು ವಿವರವಾಗಿ ಬರೆದಿದ್ದಾರೆ.

ಆದ್ದರಿಂದ ದೇಹದ ಚಲನೆಯಿಂದಲೇ ದೇಹವನ್ನು ಗುಣಪಡಿಸುವ ವಿಚಾರ ನಮಗೆ ಹೊಸದಲ್ಲ. ಆದರೆ ಇಂದಿನ ಫಿಸಿಯೋಥೆರಪಿ ಒಂದು ಸ್ವತಂತ್ರ ವಿದ್ಯೆ. ಸ್ನಾಯು, ನರ, ಕೀಲು, ಶ್ವಾಸಕೋಶ, ಹೃದಯಗಳ ಕೆಲಸವನ್ನು ಅಳೆದು ನೋಡಿ, ಯಾವ ವ್ಯಾಯಾಮ ಎಷ್ಟು ಸಲ, ಯಾವ ಹಂತದಲ್ಲಿ ಎಂದು ನಿರ್ಧರಿಸುವ ಶಾಸ್ತ್ರ ಅದು. ಯುನಾನಿ ಓದಿದ ನಾನು ಫಿಸಿಯೋಥೆರಪಿಸ್ಟ್ ಆಗುವುದಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ಪೂನಂ ವರ್ಮಾ ಪ್ರಕರಣದಲ್ಲಿ, ಹೋಮಿಯೋಪಥಿ ಓದಿ ಅಲೋಪಥಿ ಔಷಧಿ ಕೊಟ್ಟವರನ್ನು ತಪ್ಪಿತಸ್ಥರೆಂದು ಹೇಳಿತು. ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ ಎಂಬುದು ಆ ತೀರ್ಪಿನ ಸಾರ. ಆ ಮಾತು ನನಗೂ ಅನ್ವಯಿಸುತ್ತದೆ.

ಬಗ್ದಾದಿನಲ್ಲಿ ನಡೆದ ಪರೀಕ್ಷೆ

ವೈದ್ಯ ವೃತ್ತಿಗೆ ಪರವಾನಗಿ ಕೇಳುವುದು ಇತ್ತೀಚಿನ ಸರ್ಕಾರಿ ಕಿರಿಕಿರಿ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಹಿಜರಿ 319ರಲ್ಲಿ, ಅಂದರೆ ಕ್ರಿ.ಶ. 931ರಲ್ಲಿ, ಬಗ್ದಾದಿನಲ್ಲಿ ಒಬ್ಬ ವೈದ್ಯನ ತಪ್ಪಿನಿಂದ ಒಬ್ಬ ರೋಗಿ ಸತ್ತ ಸುದ್ದಿ ಖಲೀಫ ಅಲ್ ಮುಖ್ತದಿರ್ ಅವರ ಕಿವಿಗೆ ಬಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯಾರೂ ವೈದ್ಯ ವೃತ್ತಿ ಮಾಡಬಾರದೆಂದು ಅವರು ಆಜ್ಞೆ ಹೊರಡಿಸಿದರು. ಪರೀಕ್ಷೆ ಮಾಡುವ ಹೊಣೆಯನ್ನು ಸಿನಾನ್ ಇಬ್ನ್ ಸಾಬಿತ್ ಎಂಬ ಹಿರಿಯ ವೈದ್ಯರಿಗೆ ವಹಿಸಿದರು. ಬಗ್ದಾದ್ ನಗರವೊಂದರಲ್ಲೇ 800ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಹಾಜರಾದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ.

ಸಿರಿಯಾದ ಅಶ್ಶೈಝರಿ 12ನೇ ಶತಮಾನದಲ್ಲಿ ಮುಹ್ತಸಿಬ್, ಅಂದರೆ ಮಾರುಕಟ್ಟೆಯ ಮೇಲ್ವಿಚಾರಕನಿಗಾಗಿ ಒಂದು ಕೈಪಿಡಿ ಬರೆದರು. ತೂಕ, ಅಳತೆ, ಹಾಲು, ಮಾಂಸಗಳ ಜೊತೆ ಎಲುಬು ಕಟ್ಟುವವರ ವಿಷಯವೂ ಅದರಲ್ಲಿದೆ. ಮನುಷ್ಯ ದೇಹದ ಎಲುಬುಗಳ ಸಂಖ್ಯೆ, ಆಕಾರ ತಿಳಿಯದವನಿಗೆ ಈ ಕೆಲಸಕ್ಕೆ ಅನುಮತಿ ಇಲ್ಲ ಎಂಬುದು ಅದರ ಆಶಯ. ಇವರಿಗೆಲ್ಲ ಹಿನ್ನೆಲೆಯಾಗಿ ಒಂದು ಹದೀಸ್ ಇತ್ತು. ವೈದ್ಯ ವಿದ್ಯೆ ಅರಿಯದೆ ಚಿಕಿತ್ಸೆಗೆ ಕೈಹಾಕಿದವನು ಆಗುವ ಹಾನಿಗೆ ತಾನೇ ಹೊಣೆ ಎಂಬ ಅರ್ಥದ ಆ ಹದೀಸ್ ಅಬೂದಾವೂದ್, ನಸಾಯಿ, ಇಬ್ನ್ ಮಾಜಃ ಸಂಗ್ರಹಗಳಲ್ಲಿದೆ. ಹಾನಿ ಮಾಡುವ ಉದ್ದೇಶ ಇರಲಿಲ್ಲ ಎಂಬುದು ಅಲ್ಲಿ ನೆಪವಾಗುವುದಿಲ್ಲ.

ನಮ್ಮ ದೇಶದ ಕಾಯ್ದೆ

ನಾನು ಬಿಯುಎಂಎಸ್ ಮುಗಿಸಿದಾಗ ನನ್ನ ಮುಂದಿನ ದಾರಿ ಸ್ಪಷ್ಟವಾಗಿತ್ತು. 1961ರ ರಾಜ್ಯ ಕಾಯ್ದೆಯ ಪ್ರಕಾರ ಆಯುರ್ವೇದ, ಯುನಾನಿ ವೈದ್ಯರಿಗೆ ಬೆಂಗಳೂರಿನಲ್ಲಿ ಒಂದು ಮಂಡಳಿ ಇದೆ. ಅಲ್ಲಿ ಹೆಸರು ನೋಂದಾಯಿಸಿ, ನಂಬರ್ ಬಂದ ಮೇಲೆ ದವಾಖಾನೆ ತೆರೆದೆ. ಎಂಬಿಬಿಎಸ್ ವೈದ್ಯರಿಗೆ, ದಂತ ವೈದ್ಯರಿಗೆ, ನರ್ಸ್‌ಗಳಿಗೆ, ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗಳಿಗೂ ಅವರವರ ಪರಿಷತ್ತುಗಳಿದ್ದವು.

ಫಿಸಿಯೋಥೆರಪಿಸ್ಟರಿಗೆ ಮಾತ್ರ ಇರಲಿಲ್ಲ. ದೆಹಲಿ, ಮಹಾರಾಷ್ಟ್ರದಂಥ ಕೆಲವು ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿಕೊಂಡಿದ್ದವು. ಕರ್ನಾಟಕದಲ್ಲಿ ನೂರಾರು ಮಂದಿ ಪ್ರತಿ ವರ್ಷ ಪದವಿ ಪಡೆದು ಹೊರಬರುತ್ತಿದ್ದರೂ ಅವರ ಹೆಸರು ಬರೆದಿಡುವ ಶಾಸನಬದ್ಧ ರಿಜಿಸ್ಟರ್ ಇರಲಿಲ್ಲ. 1955ರಲ್ಲಿ ಆರಂಭವಾದ ಭಾರತೀಯ ಫಿಸಿಯೋಥೆರಪಿಸ್ಟರ ಸಂಘದ ಸದಸ್ಯತ್ವವನ್ನೇ ಹಲವರು ಗೋಡೆಗೆ ತೂಗುಹಾಕುತ್ತಿದ್ದರು. ಸಂಘ ಗೌರವದ್ದೇ. ಆದರೆ ಸಂಘದ ಸದಸ್ಯತ್ವ ಪರವಾನಗಿ ಆಗುವುದಿಲ್ಲ. ಓದಿದವರ ಪಟ್ಟಿಯೇ ಇಲ್ಲದಿದ್ದರೆ ಓದದವರನ್ನು ಗುರುತಿಸುವುದು ಹೇಗೆ? ಆ ಖಾಲಿ ಜಾಗದಲ್ಲಿಯೇ ಮಷಿನ್ ಅಂಗಡಿಗಳು ಬೆಳೆದವು.

2021ರ ಮಾರ್ಚ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು ಒಂದು ಕೇಂದ್ರ ಕಾಯ್ದೆ ಬಂತು. ಅದರ ಹೆಸರು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ. ಫಿಸಿಯೋಥೆರಪಿಯೂ ಸೇರಿ ಹತ್ತು ವಿಭಾಗಗಳ 50ಕ್ಕೂ ಹೆಚ್ಚು ವೃತ್ತಿಗಳು ಅದರಡಿ ಬರುತ್ತವೆ. ದೆಹಲಿಯಲ್ಲಿ ಆಯೋಗ, ಪ್ರತಿ ರಾಜ್ಯದಲ್ಲಿ ಪರಿಷತ್ತು, ರಾಜ್ಯಕ್ಕೊಂದು ರಿಜಿಸ್ಟರ್, ದೇಶಕ್ಕೊಂದು ಕೇಂದ್ರ ರಿಜಿಸ್ಟರ್ ಎಂಬುದು ಅದರ ವ್ಯವಸ್ಥೆ. ಕಾಯ್ದೆ ಬಂದರೂ ಜಾರಿ ನಿಧಾನವಾಯಿತು. 2024ರ ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ಕೇಂದ್ರ ಮತ್ತು ರಾಜ್ಯಗಳಿಗೆ ಎರಡು ತಿಂಗಳ ಗಡುವು ಕೊಟ್ಟು ಎಚ್ಚರಿಸಬೇಕಾಯಿತು. ಕರ್ನಾಟಕದಲ್ಲಿ ಈಗ ರಾಜ್ಯ ಪರಿಷತ್ತು ರಚನೆಯಾಗಿದೆ.

ಈ ಕಾಯ್ದೆಯಲ್ಲಿ ನಾವು ನೆನಪಿಡಬೇಕಾದ ಮಾತುಗಳು ಮೂರು. ಫಿಸಿಯೋಥೆರಪಿಸ್ಟ್ ಎನಿಸಿಕೊಳ್ಳಲು ಕನಿಷ್ಠ ಅರ್ಹತೆ ಪದವಿ. ಆರು ತಿಂಗಳ, ಒಂದು ವರ್ಷದ ಸರ್ಟಿಫಿಕೇಟು ಸಾಲದು. ಎರಡನೆಯದಾಗಿ, ಪದವಿ ಪಡೆದು ನೋಂದಣಿಯಾದವರು ರೋಗಿಯನ್ನು ತಾವೇ ಪರೀಕ್ಷಿಸಿ ಸ್ವತಂತ್ರವಾಗಿ ವೃತ್ತಿ ಮಾಡಬಹುದು, ಇತರ ವೈದ್ಯರ ತಂಡದಲ್ಲೂ ಕೆಲಸ ಮಾಡಬಹುದು. ಮೂರನೆಯದು, ರಿಜಿಸ್ಟರಿನಲ್ಲಿ ಹೆಸರಿಲ್ಲದೆ ನೋಂದಾಯಿತರೆಂದು ಹೇಳಿಕೊಳ್ಳುವುದು ಅಪರಾಧ. ಅದಕ್ಕೆ ಮೊದಲ ಸಲಕ್ಕೇ 50,000 ರೂಪಾಯಿವರೆಗೆ ದಂಡ ಹಾಕಬಹುದು.

ಹೊಸ ಪದವೀಧರರಿಗೆ ಮೂರು ಕಾಗದ

ಮಾನ್ವಿಯ ಆ ಪ್ರಕರಣ ಆದ ಸ್ವಲ್ಪ ದಿನಕ್ಕೆ ದೇವದುರ್ಗದಿಂದ ಒಬ್ಬ ಪರಿಚಯದವರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಬಿಪಿಟಿ ಮುಗಿಸಿ ಇಂಟರ್ನ್‌ಶಿಪ್ ಮಾಡಿದ್ದಳು. ದೇವದುರ್ಗದಲ್ಲೇ ಹೆಣ್ಣುಮಕ್ಕಳಿಗಾಗಿ ಒಂದು ಕೇಂದ್ರ ತೆರೆಯುವ ಆಸೆ ಅವಳದು.

"ಪುರಸಭೆ ಲೈಸೆನ್ಸ್ ತಗೊಂಡ್ರ ಮುಗೀತಲ್ರೀ ಡಾಕ್ಟರ್ ಸಾಬ್? ಅಂಗಡಿ ಮಾಲಕರು ಅಡ್ವಾನ್ಸ್ ಕೇಳ್ಲಿಕತ್ಯಾರ" ಎಂದರು ತಂದೆ.

ಮುಗಿಯುವುದಿಲ್ಲ. ವ್ಯಾಪಾರ ಪರವಾನಗಿ ಬೇಕರಿಗೂ ಒಂದೇ, ಬಟ್ಟೆ ಅಂಗಡಿಗೂ ಒಂದೇ. ಅದು ಚಿಕಿತ್ಸೆಯ ಅರ್ಹತೆಯನ್ನು ಹೇಳುವುದಿಲ್ಲ. ಅಂದು ಅವರಿಗೆ ಒಂದು ಹಾಳೆಯ ಮೇಲೆ ಬರೆದುಕೊಟ್ಟದ್ದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತೇನೆ.

ಮೊದಲ ಕಾಗದ ಪದವಿ. ನಮ್ಮ ರಾಜ್ಯದ ಫಿಸಿಯೋಥೆರಪಿ ಕಾಲೇಜುಗಳು ಬಹುಪಾಲು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಇದುವರೆಗೆ ಬಿಪಿಟಿ ನಾಲ್ಕು ವರ್ಷದ ಓದು, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್. 2025ರಲ್ಲಿ ರಾಷ್ಟ್ರೀಯ ಆಯೋಗದ ಹೊಸ ಪಠ್ಯಕ್ರಮ ಬಂದಿದ್ದು, ಅದರಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷ. ಅಂಕಪಟ್ಟಿ, ಇಂಟರ್ನ್‌ಶಿಪ್ ಪೂರ್ಣಗೊಂಡ ಪ್ರಮಾಣಪತ್ರ, ಪದವಿ ಪ್ರಮಾಣಪತ್ರ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪದವಿ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ನಮ್ಮ ಮಕ್ಕಳ ಹೆಸರು ಒಂದರಲ್ಲಿ 'ಬೇಗಂ' ಸೇರಿ, ಇನ್ನೊಂದರಲ್ಲಿ ಬಿಟ್ಟು, ಮತ್ತೊಂದರಲ್ಲಿ ತಂದೆ ಹೆಸರು ಮುಂದಾಗಿ ಬರುವುದು ಸಾಮಾನ್ಯ. ಅರ್ಜಿಗಳು ತಡವಾಗಲು ಅಷ್ಟು ಸಾಕು. ಓದುವಾಗಲೇ ತಿದ್ದಿಸಿ.

ಎರಡನೇ ಕಾಗದ ನೋಂದಣಿ. ಇದು ವ್ಯಕ್ತಿಗೆ ಸಿಗುವ ಪರವಾನಗಿ. ಕರ್ನಾಟಕ ರಾಜ್ಯ ಅಲೈಡ್ ಮತ್ತು ಹೆಲ್ತ್‌ಕೇರ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ನಂಬರ್ ಪಡೆಯಬೇಕು. ಮಧ್ಯವರ್ತಿಗಳ ಕೈಗೆ ಮೂಲ ಅಂಕಪಟ್ಟಿ ಕೊಡಬೇಡಿ. ಅರ್ಜಿ ಹಾಕಿದ ರಸೀದಿ ಕಾಪಾಡಿಕೊಳ್ಳಿ. ಕಾಯ್ದೆಯಲ್ಲಿ ದೇಶಕ್ಕೆಲ್ಲ ಒಂದೇ ರೀತಿಯ ನಿರ್ಗಮನ ಅಥವಾ ಪರವಾನಗಿ ಪರೀಕ್ಷೆ ನಡೆಸಲು ಆಯೋಗಕ್ಕೆ ಅಧಿಕಾರ ಕೊಡಲಾಗಿದೆ. ಆದ್ದರಿಂದ ಈಗ ಓದುತ್ತಿರುವವರು ಕೊನೆಯ ವರ್ಷದ ಪರೀಕ್ಷೆ ಮುಗಿದ ಕೂಡಲೇ ಪುಸ್ತಕ ಅಟ್ಟಕ್ಕೆ ಏರಿಸುವುದು ಬೇಡ.

ಮೂರನೇ ಕಾಗದ ಕೇಂದ್ರದ್ದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯನ್ನು ಎಲ್ಲರೂ ಕೆಪಿಎಂಇ ಎನ್ನುತ್ತಾರೆ. ಆಸ್ಪತ್ರೆ, ಕ್ಲಿನಿಕ್, ಲ್ಯಾಬೊರೇಟರಿಗಳಂತೆ ಫಿಸಿಯೋಥೆರಪಿ ಕೇಂದ್ರವೂ ಅದರ ವ್ಯಾಪ್ತಿಗೆ ಬರುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಇದನ್ನು ಕೊಡುತ್ತದೆ. ಜಿಲ್ಲಾ ಆರೋಗ್ಯಾಧಿಕಾರಿಗಳು ಅದರ ಸದಸ್ಯ ಕಾರ್ಯದರ್ಶಿ. ದೇವದುರ್ಗ, ಮಾನ್ವಿಯವರಿಗೂ ರಾಯಚೂರಿನ ಜಿಲ್ಲಾ ಕಚೇರಿಯೇ ಸಂಬಂಧಪಟ್ಟದ್ದು. ನೋಂದಣಿ ಐದು ವರ್ಷಕ್ಕೆ, ಆಮೇಲೆ ನವೀಕರಣ. ಕೇಂದ್ರದ ನೋಂದಣಿ ಸಂಖ್ಯೆಯನ್ನೂ ಶುಲ್ಕದ ಪಟ್ಟಿಯನ್ನೂ ರೋಗಿಗಳಿಗೆ ಕಾಣುವಂತೆ ಹಾಕಬೇಕು.

ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ತಂದೆಗೆ ಬೇಸರವಾಯಿತು. "ಇವಳು ನಾಲ್ಕೂವರೆ ವರ್ಷ ಓದಿ, ಈಗ ಕಾಗದಕ್ಕ ಕಾಯಬೇಕು. ನಮ್ಮ ಓಣಿಯಾಗ ಒಬ್ಬ ಏನೂ ಓದಲಾರದ ಮಷಿನ್ ಇಟಗೊಂಡು ದಿನಾ ಹತ್ತು ಮಂದಿಗೆ ಕರೆಂಟ್ ಕೊಡ್ತಾನ. ಅವನ್ನ ಯಾರು ಕೇಳಿದ್ರು?"

ನ್ಯಾಯವಾದ ಮಾತು. ಕೇಳಬೇಕಾದವರು ಅಧಿಕಾರಿಗಳು, ಸರಿ. ಆದರೆ ಅವನ ಮುಂದೆ ದಿನಾ ಕೂರುವ ಹತ್ತು ಮಂದಿ ನಾವೇ. ಅವರಲ್ಲಿ ಒಬ್ಬರಾದರೂ ಕೇಳಿದ್ದರೆ ಎಂದು ನನಗೆ ಅನಿಸಿತು. ನಾನೂ ಕೇಳಿರಲಿಲ್ಲವಲ್ಲ.

ಹೆಸರಿನ ಹಿಂದಿನ 'ಡಾ.'

ಫಿಸಿಯೋಥೆರಪಿಸ್ಟರು ಹೆಸರಿಗೆ 'ಡಾ.' ಹಾಕಬಹುದೇ ಎಂಬ ಜಗಳ ದೆಹಲಿವರೆಗೂ ಹೋಗಿದೆ. ಹೊಸ ಪಠ್ಯಕ್ರಮದಲ್ಲಿ ಹೆಸರಿನ ಹಿಂದೆ 'ಡಾ.', ಮುಂದೆ 'ಪಿಟಿ' ಎಂದು ಬಳಸಬಹುದೆಂಬ ಮಾತಿತ್ತು. 2025ರ ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹಾಗೆ ಬಳಸಬಾರದೆಂದು ಪತ್ರ ಬರೆಯಿತು. ಮರುದಿನವೇ ಇನ್ನಷ್ಟು ಪರಿಶೀಲಿಸಬೇಕೆಂದು ಆ ಪತ್ರವನ್ನು ತಡೆಹಿಡಿಯಿತು.

ರೋಗಿಯ ಮನೆಯವರು ಈ ಜಗಳದಲ್ಲಿ ತಲೆಹಾಕುವ ಅಗತ್ಯವಿಲ್ಲ. 'ಡಾ.' ಎಂಬ ಅಕ್ಷರ ನಿಮಗೆ ಏನನ್ನೂ ಹೇಳುವುದಿಲ್ಲ. ನನ್ನ ಹೆಸರಿಗೂ ಅದಿದೆ, ಹಲ್ಲಿನ ವೈದ್ಯರಿಗೂ ಇದೆ, ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡಿದ ಮೇಷ್ಟರಿಗೂ ಇದೆ. ಹೆಸರು ಮುಗಿದ ಮೇಲೆ ಏನು ಬರೆದಿದೆ ಎಂದು ಓದಿ. ಬಿಪಿಟಿ ಅಥವಾ ಎಂಪಿಟಿ ಇದೆಯೇ? ಅದರ ಕೆಳಗೆ ನೋಂದಣಿ ಸಂಖ್ಯೆ ಇದೆಯೇ? ಅದೇ ಮುಖ್ಯ.

ಬಾಗಿಲಲ್ಲೇ ಕೇಳಿ

ಮನೆಯ ಹಿರಿಯರನ್ನು ಚಿಕಿತ್ಸೆಗೆ ಕರೆದೊಯ್ಯುವಾಗ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ.

ತಾವು ಏನು ಓದಿದ್ದೀರಿ, ಯಾವ ವಿಶ್ವವಿದ್ಯಾಲಯ?

ತಮ್ಮ ನೋಂದಣಿ ಸಂಖ್ಯೆ ಏನು? ಈ ಕೇಂದ್ರದ ಕೆಪಿಎಂಇ ಸಂಖ್ಯೆ ಎಲ್ಲಿ ಹಾಕಿದ್ದೀರಿ?

ಚಿಕಿತ್ಸೆ ಕೊಡುವವರು ತಾವೇನಾ, ಸಹಾಯಕರಾ? ಪದವೀಧರರ ಬೋರ್ಡ್ ಹಾಕಿ ಒಳಗೆ ಬೇರೆಯವರು ಕೆಲಸ ಮಾಡುವುದೂ ಉಂಟು.

ಎಷ್ಟು ದಿನದಲ್ಲಿ ಏನು ಸುಧಾರಣೆ ನಿರೀಕ್ಷಿಸಬಹುದು? ಮನೆಯಲ್ಲಿ ನಾವು ಏನು ಮಾಡಿಸಬೇಕು?

ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಮನುಷ್ಯನ ಓದು ಗೊತ್ತಾಗುತ್ತದೆ. ಓದಿದವರು ಮೊದಲ ದಿನ ನಿಮ್ಮ ಕಾಗದಗಳನ್ನು ನೋಡುತ್ತಾರೆ, ಸಕ್ಕರೆ, ಬಿಪಿ, ಹೃದಯದ ಬಗ್ಗೆ ಕೇಳುತ್ತಾರೆ, ಕೈಕಾಲಿನ ಶಕ್ತಿ ಅಳೆದು ಬರೆದುಕೊಳ್ಳುತ್ತಾರೆ, ಮನೆಯಲ್ಲಿ ಮಾಡಲು ವ್ಯಾಯಾಮ ಕಲಿಸುತ್ತಾರೆ. ಬಂದವರಿಗೆಲ್ಲ ಒಂದೇ ಯಂತ್ರ ಹಚ್ಚಿ, 'ಇಪ್ಪತ್ತು ಸಿಟಿಂಗ್ ಆಗ್ಲಿ' ಎಂದು ಮುಂಗಡ ಕೇಳುವವರನ್ನು ಕಂಡರೆ ಎಚ್ಚರವಹಿಸಿ. ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟಾದರೆ ಅಲ್ಲಿಂದ ಎದ್ದು ಬನ್ನಿ.

ಇದೇ ಮಾತು ಹಿಜಾಮಕ್ಕೂ ಸಲ್ಲುತ್ತದೆ. ನಮ್ಮಲ್ಲಿ ಹಿಜಾಮ ಸುನ್ನತ್ ಎಂಬ ಕಾರಣಕ್ಕೆ ಯಾರು ಬ್ಲೇಡ್ ಹಿಡಿದರೂ ನಾವು ಬೆನ್ನು ಕೊಡುತ್ತೇವೆ. ಒಬ್ಬರಿಗೆ ಬಳಸಿದ ಬ್ಲೇಡನ್ನು, ಸ್ವಚ್ಛ ಮಾಡದ ಕಪ್ಪನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಹರಡಬಹುದು. ನೋಂದಾಯಿತ ಯುನಾನಿ ವೈದ್ಯರ ಬಳಿ, ಹೊಸ ಬ್ಲೇಡಿನ ಪೊಟ್ಟಣ ನಿಮ್ಮ ಕಣ್ಣೆದುರೇ ಬಿಚ್ಚುವುದನ್ನು ನೋಡಿ ಮಾಡಿಸಿಕೊಳ್ಳಿ. ಫಿಸಿಯೋಥೆರಪಿಸ್ಟರನ್ನು ಕೇಳುವ ಪ್ರಶ್ನೆಯನ್ನು ನನ್ನನ್ನೂ ಕೇಳಿ.

ಯಂತ್ರಕ್ಕಿಂತ ಮೊದಲು ಆಸ್ಪತ್ರೆ

ಎಲ್ಲ ನೋವೂ ಫಿಸಿಯೋಥೆರಪಿಗೆ ಹೋಗಬೇಕಾದದ್ದಲ್ಲ. ಮಾನ್ವಿಯ ಗದ್ದೆಗಳಲ್ಲಿ ಸಸಿ ನಾಟಿ ಮಾಡುವ ಹೆಣ್ಣುಮಕ್ಕಳ ಸೊಂಟ ನೋವು, ರಾಯಚೂರು ಮಾರುಕಟ್ಟೆಯಲ್ಲಿ ಹತ್ತಿಯ ಅಂಡಿಗೆ ಹೊರುವ ಹಮಾಲರ ಕುತ್ತಿಗೆ ನೋವು ವ್ಯಾಯಾಮದಿಂದ ಬಹಳಷ್ಟು ಸುಧಾರಿಸುತ್ತವೆ. ಆದರೆ ಕೆಳಗಿನ ಲಕ್ಷಣ ಕಂಡರೆ ಮಾಲೀಸು, ಬಿಸಿ, ಕರೆಂಟು ಯಾವುದೂ ಬೇಡ. ಮೊದಲು ವೈದ್ಯರಿಗೆ ತೋರಿಸಿ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಬೀಳುವುದು, ಮಾತು ತೊದಲುವುದು ಇದ್ದಕ್ಕಿದ್ದಂತೆ ಆದರೆ ಅದು ಫಾಲಿಜ್ ಇರಬಹುದು. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ತಾಸಿನೊಳಗೆ ಕೊಡುವಂಥದ್ದು. ಎಣ್ಣೆ ತಿಕ್ಕುತ್ತಾ, ಪಾರಿವಾಳದ ರಕ್ತ ಹುಡುಕುತ್ತಾ ಆ ತಾಸುಗಳನ್ನು ಕಳೆಯಬೇಡಿ. 108ಕ್ಕೆ ಕರೆ ಮಾಡಿ.

ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಹೆಚ್ಚುವ ನೋವು ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದು.

ಬೆನ್ನುನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ ಅದೇ ದಿನ ದೊಡ್ಡಾಸ್ಪತ್ರೆ ಸೇರಬೇಕು.

ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.

ಪೇಸ್‌ಮೇಕರ್ ಹಾಕಿಸಿಕೊಂಡವರು, ಗರ್ಭಿಣಿಯರು ಯಾವುದೇ ಯಂತ್ರ ಹಚ್ಚಿಸಿಕೊಳ್ಳುವ ಮುಂಚೆ ಅದನ್ನು ಹೇಳಲೇಬೇಕು.

ಫಾಲಿಜ್ ಆದವರಲ್ಲಿ ಹೆಚ್ಚಿನ ಚೇತರಿಕೆ ಮೊದಲ ಮೂರರಿಂದ ಆರು ತಿಂಗಳಲ್ಲಿ ಆಗುತ್ತದೆ. ಆ ತಿಂಗಳುಗಳನ್ನು ತಪ್ಪು ಕೈಗೆ ಕೊಟ್ಟರೆ ಮರಳಿ ಸಿಗುವುದಿಲ್ಲ. ಹಣದ ಅನಾನುಕೂಲ ಇರುವವರು ತಾಲೂಕು ಆಸ್ಪತ್ರೆಯಲ್ಲಿ, ರಾಯಚೂರಿನ ರಿಮ್ಸ್‌ನಲ್ಲಿ ವಿಚಾರಿಸಿ. ವಿಶೇಷ ಚೇತನ ಮಕ್ಕಳಿದ್ದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲೂ ಕೇಳಿ.

ನಮ್ಮ ಹೆಣ್ಣುಮಕ್ಕಳು ಓದಲಿ

ನನ್ನ ದವಾಖಾನೆಗೆ ಬರುವ ಎಷ್ಟೋ ಖಾಲಾಗಳು, ಆಪಾಗಳು ಮೊಣಕಾಲು ನೋವು, ಹೆರಿಗೆಯ ನಂತರದ ಸೊಂಟ ನೋವು ಇಟ್ಟುಕೊಂಡೇ ಬದುಕುತ್ತಾರೆ. ಗಂಡಸರ ಕೈಯಲ್ಲಿ ವ್ಯಾಯಾಮ ಮಾಡಿಸಿಕೊಳ್ಳಲು ಅವರಿಗೆ ಮನಸ್ಸಾಗದು. ಮಹಿಳಾ ಫಿಸಿಯೋಥೆರಪಿಸ್ಟ್ ಬೇಕೆಂದರೆ ಯಾರದಾದರೂ ಮಗಳು ಓದಬೇಕು. ಅದು ನಮ್ಮ ಮನೆಯ ಮಗಳೇ ಯಾಕಾಗಬಾರದು?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ತೆಗೆದುಕೊಂಡವರಿಗೆ ಈ ದಾರಿ ಇದೆ. 2026-27ನೇ ಸಾಲಿನಿಂದ ಬಿಪಿಟಿ ಪ್ರವೇಶಕ್ಕೆ ನೀಟ್ ಬೇಕೆಂದು ಹೊಸ ಪಠ್ಯಕ್ರಮ ಹೇಳುತ್ತದೆ. ಆದ್ದರಿಂದ ಮಗಳು ಪಿಯುಸಿಯಲ್ಲಿರುವಾಗಲೇ ನೀಟ್ ಅರ್ಜಿ ಹಾಕಿಸಿ, ಆ ವರ್ಷದ ಕೆಇಎ ಪ್ರಕಟಣೆಯನ್ನು ಓದಿ. 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾ‌ಟಕದ ಕಾಲೇಜುಗಳಲ್ಲಿ 70%, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8% ಸೀಟುಗಳು ನಮ್ಮ ಭಾಗದ ಮಕ್ಕಳಿಗೆ ಮೀಸಲು. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಮುಂಚೆಯೇ ಮಾಡಿಸಿಡಿ. ಕಾಲೇಜಿಗೆ ಹಣ ಕಟ್ಟುವ ಮೊದಲು ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ, ಇಂಟರ್ನ್‌ಶಿಪ್ ಮಾಡಲು ಸ್ವಂತ ಅಥವಾ ಒಪ್ಪಂದದ ಆಸ್ಪತ್ರೆ ಇದೆಯೇ ಎಂದು ನೋಡಿ. ಮಾನ್ಯತೆ ಇಲ್ಲದ ಕಾಲೇಜಿನ ಪದವಿಗೆ ನೋಂದಣಿ ಸಿಗದು.

ಗಲ್ಫ್‌ಗೆ ಹೋಗುವ ಆಲೋಚನೆ ಇರುವ ಮಕ್ಕಳಿಗೂ ಒಂದು ಮಾತು. ಸೌದಿ, ದುಬೈಗಳಲ್ಲಿ ಆರೋಗ್ಯ ವೃತ್ತಿಗೆ ಅಲ್ಲಿನ ಪ್ರಾಧಿಕಾರದ ಪರವಾನಗಿ ಬೇಕು. ನಿಮ್ಮ ದಾಖಲೆಗಳನ್ನು ಡಾಟಾಫ್ಲೋ ಮೂಲಕ ವಿಶ್ವವಿದ್ಯಾಲಯದಿಂದಲೇ ಖಚಿತಪಡಿಸಿಕೊಳ್ಳುತ್ತಾರೆ, ಪರೀಕ್ಷೆಯನ್ನೂ ಇಡುತ್ತಾರೆ. ಊರಲ್ಲಿ ಕಾಗದ ಸರಿಮಾಡಿಕೊಳ್ಳದವರು ಅಲ್ಲಿ ಹೋಗಿ ಸಿಕ್ಕಿಬೀಳುತ್ತಾರೆ.

ಕೊನೆಗೆ

ಮಾನ್ವಿಯ ಆ ಯಜಮಾನರ ಗಾಯ ಮಾಗಲು ಸುಮಾರು ದಿನ ಹಿಡಿಯಿತು. ಆಮೇಲೆ ಪದವಿ ಪಡೆದ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕಳುಹಿಸಿದೆ. ಈ ಸಲ ನಾನೇ ಹೋಗಿ ಅವರ ಕಾಗದ ನೋಡಿ ಬಂದೆ. ಅವರು ನಗುತ್ತಲೇ ತೋರಿಸಿದರು. ಇಂದು ಯಜಮಾನರು ಕೋಲು ಹಿಡಿದು ಮಸೀದಿಗೆ ನಡೆದು ಹೋಗುತ್ತಾರೆ, ಅಲ್ಹಮ್ದುಲಿಲ್ಲಾಹ್. ಆದರೆ ತಕ್ಬೀರ್ ಹೇಳುವಾಗ ಬಲಗೈ ಕಿವಿಯ ತನಕ ಏರುವುದಿಲ್ಲ. ಆ ಭುಜ ಇನ್ನು ಅಷ್ಟೇ ಎಂದು ಫಿಸಿಯೋಥೆರಪಿಸ್ಟ್ ನನಗೆ ಹೇಳಿದ್ದಾರೆ. ಖಾಲಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕ್ಷಮೆ ಕೇಳಿದ್ದು ನಾನೇ.

ದೇವದುರ್ಗದ ಹುಡುಗಿ ಸದ್ಯ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಹಿರಿಯರ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಳೆ. ಅಂಗಡಿಯ ಅಡ್ವಾನ್ಸ್ ಕೊಟ್ಟಿಲ್ಲ. ಮೊನ್ನೆ ಅವಳ ತಂದೆ ಸಿಕ್ಕಿದ್ದರು. "ನಂಬರ್ ಬರೋ ತನಕ ಬೋರ್ಡ್ ಹಾಕೋದು ಬ್ಯಾಡ ಅಬ್ಬಾ ಅಂತಾಳ್ರೀ" ಎಂದರು. ಆ ಮಾತಿನಲ್ಲಿ ಬೇಸರ ಇನ್ನೂ ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಅವಳ ಬೋರ್ಡ್ ಬರುವ ದಿನ, ಇನ್‌ಶಾ ಅಲ್ಲಾಹ್, ಅದರ ಮೇಲೆ ಎರಡು ಸಂಖ್ಯೆಗಳಿರುತ್ತವೆ, ಒಂದು ಅವಳದು, ಒಂದು ಕೇಂದ್ರದ್ದು. ದೇವದುರ್ಗದ ಓದುಗರಿಗೆ ನನ್ನ ವಿನಂತಿ ಇಷ್ಟೇ. ಆ ದಿನ ಪಕ್ಕದ ಓಣಿಯ ಯಂತ್ರ ಹತ್ತಿಪ್ಪತ್ತು ರೂಪಾಯಿ ಅಗ್ಗವೆಂದು ಅತ್ತ ತಿರುಗಬೇಡಿ. ಕಾದು, ಕಾಗದ ಮಾಡಿಸಿ, ಬಾಗಿಲು ತೆರೆದವಳ ಬಾಗಿಲಿಗೆ ಹೋಗಿ.